ಗಾಜಿನ ಮೇಲಿನ ಮಬ್ಬು

ಫ್ರೀಜರ್ ಬಾಕ್ಸಿನೊಳಗೆ ಅಜ್ಜಿ ಉಸಿರಾಡಿದಳು ಅಂತ ನಮ್ಮೂರಲ್ಲಿ ಇವತ್ತಿಗೂ ಹೇಳುತ್ತಾರೆ. ಸರಿ, ನೋಡಿದವರು ಯಾರು? ಒಬ್ಬೊಬ್ಬರನ್ನೇ ಕೇಳುತ್ತಾ ಹೋದರೆ ಕೊನೆಗೆ ಎಲ್ಲ ಬೆರಳೂ ನನ್ನ ಸೋದರತ್ತೆಯ ಕಡೆಗೇ ತಿರುಗುತ್ತವೆ.

ಅಜ್ಜಿ ತೀರಿಕೊಂಡದ್ದು ಮಳವಳ್ಳಿಯ ಆಸ್ಪತ್ರೆಯಲ್ಲಿ, ಬೆಳಗಿನ ಜಾವ. ಡಾಕ್ಟರು ನೋಡಿ ಬರೆದುಕೊಟ್ಟಿದ್ದರು. ಚಿಕ್ಕಪ್ಪ ದೆಹಲಿಯಿಂದ ಬರುವವರೆಗೆ ಇಟ್ಟುಕೊಳ್ಳಬೇಕಲ್ಲ, ಮದ್ದೂರಿನಿಂದ ಬಾಡಿಗೆಗೆ ಗಾಜಿನ ಮುಚ್ಚಳದ ಬಾಕ್ಸ್ ತರಿಸಿ ಮನೆ ಮುಂದೆ ಶಾಮಿಯಾನದಡಿ ಇರಿಸಿದರು. ಹಿಂದಿನ ದಿನ ಮಳೆಯಾಗಿ ಮೈಗೆಲ್ಲ ಸೆಕೆ ಅಂಟುತ್ತಿತ್ತು. ಹೆಂಗಸರು ಸುತ್ತ ಕೂತು ಅಳುತ್ತಿದ್ದರು. ನಾನು ಶಾಮಿಯಾನದ ಕಂಬ ಹಿಡಿದು ದೂರ ನಿಂತಿದ್ದೆ. ಅಳು ಬರಲಿಲ್ಲ. ಏನೂ ಬರಲಿಲ್ಲ. ಕಂಬಕ್ಕೆ ಕಟ್ಟಿದ ಹಗ್ಗದಲ್ಲಿ ಎಷ್ಟು ಗಂಟಿವೆ ಅಂತ ನೋಡುತ್ತಿದ್ದೆ.

ಮಧ್ಯಾಹ್ನ ಅತ್ತೆ ಕೂಗಿಕೊಂಡಳು: "ಅವ್ವ ಉಸ್ರು ಬುಡ್ತಾವ್ಳೆ, ಗಾಜು ನೋಡ್ರಪ್ಪೋ!" ಬಾಯಿಯ ನೇರಕ್ಕೆ ಗಾಜು ಮಬ್ಬಾಗಿತ್ತಂತೆ. ಸೆರಗಲ್ಲಿ ಎಷ್ಟು ಒರೆಸಿದರೂ ಹೋಗಲಿಲ್ಲವಂತೆ. "ಬುಡಕ್ಕ, ಅಂಗೆಲ್ಲ ಅನ್ಬ್ಯಾಡ" ಅಂತ ಅಪ್ಪ ಅವಳನ್ನು ಎಬ್ಬಿಸಿಕೊಂಡು ಒಳಗೆ ಹೋದರು. ಸಂಜೆ ಚಿಕ್ಕಪ್ಪ ಬಂದ ಮೇಲೆ ನಮ್ಮ ಗದ್ದೆಯ ಮೂಲೆಯಲ್ಲಿ ಮಣ್ಣು ಮಾಡಿದೆವು. ಅಲ್ಲಿಂದಾಚೆ ಅತ್ತೆ ಅನ್ನ ಮುಟ್ಟಲಿಲ್ಲ. "ಬದ್ಕಿದ್ದೋಳ್ನ ಊತ್ಬುಟ್ವಿ" ಅನ್ನುವುದೊಂದೇ ಮಾತು.

ಮೂರನೇ ದಿನ ಹಾಲು-ತುಪ್ಪ ಬಿಟ್ಟು ಬಂದು ಎಲ್ಲರೂ ಊಟಕ್ಕೆ ಕೂತಾಗಲೂ ಅವಳು ಎಲೆಗೆ ಕೈ ಹಾಕಲಿಲ್ಲ. ನಾನು ಸ್ಟೀಲ್ ಲೋಟದಲ್ಲಿ ಫ್ರಿಜ್ಜಿನ ನೀರು ತಂದು ಅವಳ ಮುಂದಿಟ್ಟೆ. ಕಾಲೇಜಿನ ಚರ್ಚಾಸ್ಪರ್ಧೆಯ ದನಿ ತಾನಾಗಿಯೇ ಬಂತು. ಗಾಳಿಯಲ್ಲಿ ನೀರಿನ ಅಣುಗಳು ಬಿಡಿಬಿಡಿಯಾಗಿ ಓಡಾಡುತ್ತಿರುತ್ತವೆ. ಒಂದನ್ನೊಂದು ಎಳೆಯುವ ಗುಣ ಅವಕ್ಕಿದೆ, ಆದರೆ ಓಟದ ರಭಸದಲ್ಲಿ ಆ ಎಳೆತ ಸಾಲದು. ತಣ್ಣಗಿರುವುದಕ್ಕೆ ತಾಗಿದರೆ ರಭಸ ಇಳಿಯುತ್ತದೆ, ಎಳೆತ ಗೆಲ್ಲುತ್ತದೆ, ಒಂದಕ್ಕೊಂದು ಅಂಟಿಕೊಂಡು ಹನಿಯಾಗುತ್ತವೆ. ಇಷ್ಟೇ. "ನೋಡತ್ತೆ, ಲೋಟ ಬೆವರ್ತಾ ಐತೆ. ಇದ್ಕೇನು ಜೀವ ಐತಾ?"

"ಲೋಟುಕ್ಕೆ ಬಾಯಿ ಐತೇನಮ್ಮಿ? ನಮ್ಮವ್ವನ ಬಾಯ್ತಾವ್ಲೇ ಯಾಕ್ ಬಂತು, ಕಾಲ್ತಾವ ಯಾಕ್ ಬರ್ನಿಲ್ಲ? ಯೋಳು."

ಯಾವ ಎದುರಾಳಿಯೂ ನನ್ನನ್ನು ಇಷ್ಟು ನೇರ ಹಿಡಿದಿರಲಿಲ್ಲ. ಆದರೂ ಉತ್ತರವಿತ್ತು. "ನೀನು ಬಗ್ಗಿ ಬಗ್ಗಿ ಅತ್ತಿದ್ದು ಅಲ್ಲೇ ಅಲ್ವಾ? ಕಾಲ್ತಾವ ಯಾರ್ ಅಂಗೆ ಬಗ್ಗಿ ಅತ್ರು? ಆ ಉಸ್ರು ನಿಂದು."

"ಅಮ್ಮಿನ ಲಾಯ್ರಿ ಓದುಸ್ಬೇಕಿತ್ತು ಕಣಣ್ಣ" ಅಂದ ಚಿಕ್ಕಪ್ಪ. ಒಂದಿಬ್ಬರು ನಕ್ಕರು.

ಅತ್ತೆ ನಗಲಿಲ್ಲ. "ನೀನ್ ಅತ್ರ ಬಂದು ನೋಡಿದ್ಯಾ? ಕಂಬ ತಬ್ಕಂಡು ನಿಂತಿದ್ದೆಯಲ್ಲಮ್ಮಿ."

ಹೌದು. ನೋಡಿರಲಿಲ್ಲ. ಮಬ್ಬು ಗಾಜಿನ ಹೊರಗಿತ್ತೋ ಒಳಗಿತ್ತೋ ನನಗೆ ಗೊತ್ತಿರಲಿಲ್ಲ. ಹೊರಗಿದ್ದರೆ ಅದು ಅತ್ತೆಯದೇ ಉಸಿರು. ಒಳಗಿದ್ದರೂ ಅಜ್ಜಿ ಬದುಕಿದ್ದಳು ಅಂತೇನೂ ಅಲ್ಲ. ಹಾರ ಹಾಕಲು ಮುಚ್ಚಳ ತೆಗೆದಾಗ ಹೊಕ್ಕ ಗಾಳಿ ಸಾಕು. ಆದರೆ ಒಳಗಿತ್ತು ಅಂತಾದರೆ ಈ ವಾದ ಅತ್ತೆಯ ಗಂಟಲಿಗೆ ಒಂದು ತುತ್ತನ್ನೂ ಇಳಿಸುವುದಿಲ್ಲ. ಹೊರಗೋ ಒಳಗೋ ಹೇಳಬಲ್ಲವಳು ಗಾಜಿಗೆ ಕೈ ತಾಗಿಸಿದ ಅವಳೊಬ್ಬಳೇ. ಎಲೆಯ ಮೇಲೆ ಅನ್ನ ಆರುತ್ತಿತ್ತು. ಲೋಟದ ಹನಿಗಳು ಇಳಿದು ನೆಲದ ಮೇಲೆ ಉಂಗುರ ಮಾಡಿದ್ದವು.

ಮೊದಲು ಕೇಳಬೇಕಿದ್ದದ್ದನ್ನು ಕೊನೆಗೆ ಕೇಳಿದೆ.

"ಅತ್ತೆ, ಗಾಜು ಒರ್ಸ್ದಾಗ ನಿನ್ನ ಸೆರಗು ಒದ್ದೆ ಆಯ್ತಾ?"