ಹೆಪ್ಪಿಗೆ ಲೈಸೆನ್ಸ್ ಕೇಳುವವರಿಲ್ಲ

ಅಂಗಡಿಗೆ ಸುಣ್ಣಬಣ್ಣ ಮಾಡಿಸೋಣವೆಂದು ಮೊನ್ನೆ ಅಟ್ಟದ ಸಾಮಾನೆಲ್ಲ ಕೆಳಗಿಳಿಸಿದೆ. ಹರಿದ ಬ್ಯಾನರು, ಇಂಕು ಮುಗಿದ ಡಬ್ಬಿಗಳು, ತೆಗೆಸಿಕೊಂಡವರು ಬಂದು ಒಯ್ಯದೇ ಬಿಟ್ಟ ಪಾಸ್‌ಪೋರ್ಟ್ ಸೈಜಿನ ಮುಖಗಳು, ಅವೆಲ್ಲದರ ಹಿಂದೆ ನನ್ನ ಮೊದಲ ಕಂಪ್ಯೂಟರಿನ ಸಿಪಿಯು ಡಬ್ಬ. ಗುಜರಿಯವನಿಗೆ ಹಾಕುವ ಮುಂಚೆ ಒಳಗೇನಾದರೂ ಉಳಿದಿದೆಯೋ ನೋಡೋಣವೆಂದು ಪಕ್ಕದ ತಗಡು ಬಿಚ್ಚಿದೆ. ಮೇಜಿನ ಮೇಲೆ ಒಂದು ಹಿಡಿ ಒಣಗಿದ ಇರುವೆ ಉದುರಿದವು. ಬಗ್ಗಿ ಮೂಸಿದೆ. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಇಷ್ಟು ವರ್ಷವಾದರೂ ಬೆಲ್ಲದ ವಾಸನೆ ಹೋಗಿರಲಿಲ್ಲ.

ಕಂಪ್ಯೂಟರಿನೊಳಗೆ ಬೆಲ್ಲ ಹೇಗೆ ಬಂತು ಎಂದು ನೀವು ಕೇಳಬೇಕು. ಕೇಳದಿದ್ದರೂ ನಾನು ಹೇಳುವವಳೇ.

ಮದ್ದೂರು ಬಸ್ ಸ್ಟ್ಯಾಂಡಿಗೆ ನಾಲ್ಕು ಹೆಜ್ಜೆ ದೂರದಲ್ಲಿ ನನ್ನದೊಂದು ಟೈಪಿಂಗ್ ಅಂಗಡಿ. ಅರ್ಜಿ, ಬಾಂಡ್ ಪೇಪರು, ಎಲ್ಲಕ್ಕಿಂತ ಹೆಚ್ಚಾಗಿ ಲಗ್ನಪತ್ರಿಕೆ. ಕಂಪ್ಯೂಟರನ್ನು ಮಂಡ್ಯದಲ್ಲಿ ಒಬ್ಬರಿಂದ ತಂದಿದ್ದೆ. "ಎಲ್ಲಾ ಹಾಕ್ಕೊಟ್ಟಿದ್ದೀನಿ ಅಕ್ಕ, ಮನೇಗೆ ತಗಂಡೋಗಿ ಸ್ವಿಚ್ ಒತ್ತಿ ಅಷ್ಟೆ" ಎಂದಿದ್ದರು. ಬಸ್ಸು ಕೊಂಡರೆ ಸೀಟೂ ಜೊತೆಗೇ ಬರುತ್ತದಲ್ಲ, ಹಾಗೆಯೇ ಇದೂ ಇರಬೇಕೆಂದು ನಾನು ತಿಳಿದೆ. ಒಳಗಿರುವ ತಂತ್ರಾಂಶಕ್ಕೆ ಬೇರೆಯೇ ದುಡ್ಡು, ಬೇರೆಯೇ ಮಾಲೀಕರು, ಬೇರೆಯೇ ಕಾನೂನು ಇದೆಯೆಂದು ಯಾರಪ್ಪ ಹೇಳಿದ್ದರು ನನಗೆ? ಆ ವರ್ಷ ಆಯುಧಪೂಜೆಯಲ್ಲಿ ಅದಕ್ಕೆ ಅರಿಶಿನ ಕುಂಕುಮವಿಟ್ಟು, ನಿಂಬೆಹಣ್ಣು ಕೊಯ್ದು, ಆರತಿಯನ್ನೂ ಎತ್ತಿದೆ. ಕಳ್ಳಮಾಲಿಗೆ ಅಷ್ಟು ಭಕ್ತಿಯಿಂದ ಪೂಜೆ ಮಾಡಿದವಳು ತಾಲ್ಲೂಕಿನಲ್ಲಿ ನಾನೊಬ್ಬಳೇ ಇದ್ದೇನು.

ಕೆಲವು ತಿಂಗಳಾದ ಮೇಲೆ ಪರದೆಯ ಮೂಲೆಯಲ್ಲಿ ಒಂದು ಸಾಲು ಮೂಡಿತು. ಇದು ಅಸಲಿಯಲ್ಲ ಎನ್ನುವುದು ಅದರ ತಾತ್ಪರ್ಯ. ಆಮೇಲೆ ಪರದೆಯೇ ಕಪ್ಪಾಯಿತು. ನಾನು ಚಾಮುಂಡೇಶ್ವರಿಯ ಚಿತ್ರ ಹಾಕಿದೆ. ಒಂದು ಗಂಟೆಯಲ್ಲಿ ತಾಯಿ ಮಾಯವಾಗಿ ಮತ್ತೆ ಕಪ್ಪು. ಗಿರಾಕಿಗಳು ಕೇಳಿದರೆ "ವೋಲ್ಟೇಜ್ ಕಮ್ಮಿ" ಎನ್ನುತ್ತಿದ್ದೆ. ಅಸಲಿಯ ಬೆಲೆ ವಿಚಾರಿಸಿಕೊಂಡು ಬಂದವಳು ಒಂದು ವಾರ ಆ ಮಾತನ್ನೇ ಎತ್ತಲಿಲ್ಲ.

ಅಂದಿನಿಂದ ಹೆದರಿಕೆ ಹತ್ತಿತು ನೋಡಿ. ಪಕ್ಕದ ಮನೆಯ ತೆಂಗಿನಮರದ ಕಾಯಿ ನಮ್ಮ ಹಿತ್ತಲಿಗೆ ಬಿದ್ದರೆ ಎತ್ತಿ ಕೊಟ್ಟುಬರುವ ಮನೆಯಲ್ಲಿ ಬೆಳೆದವಳು ನಾನು. ಬೆಳಿಗ್ಗೆಯಿಂದ ಸಂಜೆಯವರೆಗೂ ಕಳವಿನ ಮುಂದೆ ಕೂತು ಮದುವೆ ಮಾಡಿಸುತ್ತಿದ್ದೆ. ಪೇಟೆಯಲ್ಲಿ ಆಗಾಗ "ರೈಡ್ ಬತ್ತದಂತೆ" ಎಂಬ ಸುದ್ದಿ ಏಳುತ್ತಿತ್ತು. ಬೆಂಗಳೂರಿನಿಂದ ರೈಲಿನಲ್ಲಿ ಬರುತ್ತಾರಂತೆ, ಡಬ್ಬ ಎತ್ತಿಕೊಂಡು ಹೋಗುತ್ತಾರಂತೆ, ಪೇಪರಿನಲ್ಲಿ ಫೋಟೋ ಹಾಕಿಸುತ್ತಾರಂತೆ. ಡಬ್ಬ ಹೋದರೆ ಹೋಗಲಿ, ಫೋಟೋದ ಮಾತು ಕೇಳಿದರೆ ನನಗೆ ಅನ್ನ ಸೇರುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ನನಗೆ ಸಿಕ್ಕವರು ಪುಟ್ಟಸ್ವಾಮಿ ಮೇಷ್ಟ್ರು. ಮಳವಳ್ಳಿ ಕಡೆಯವರು, ಗಣಿತದ ಮೇಷ್ಟ್ರಾಗಿ ನಿವೃತ್ತರಾಗಿ ನಮ್ಮ ಹಿಂದಿನ ಬೀದಿಯಲ್ಲಿ ನೆಲೆಸಿದ್ದರು. ಸಿಕ್ಕವರು ಎಂದರೆ ಪೂರ್ತಿ ಸರಿಯಲ್ಲ, ನಾನು ಅವರಿಂದ ತಪ್ಪಿಸಿಕೊಂಡು ಓಡಾಡುತ್ತಿದ್ದೆ. ಊರೆಲ್ಲ ಹಾಗೇ ಓಡಾಡುತ್ತಿತ್ತು. ಅವರಿಗೆ ಲಿನಕ್ಸ್ ಎಂಬ, ಕಂಪ್ಯೂಟರ್ ನಡೆಸುವ ಪುಕ್ಕಟೆ ತಂತ್ರಾಂಶದ ಹುಚ್ಚು ಹಿಡಿದಿತ್ತು. ಹೆಗಲಿನ ಬಟ್ಟೆಚೀಲದ ತುಂಬ ಸಿಡಿಗಳು. ತರಕಾರಿ ಅಂಗಡಿಯಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಒಂದು ಸಲ ಯಾರದೋ ತಿಥಿಯೂಟದ ಪಂಕ್ತಿಯಲ್ಲೂ, ಪಕ್ಕದವರ ಕೈಗೆ ಒಂದು ಸಿಡಿ ಇಟ್ಟು, "ತಗಳಿ, ನಿಮಗೆ ಬೇಕಾದಷ್ಟು ಕಾಪಿ ಮಾಡ್ಕೊಂಡು ಊರಿಗೆಲ್ಲ ಹಂಚಿ" ಎನ್ನುತ್ತಿದ್ದರು. ಎಲ್ಲರಿಗೂ ಕೊಡಿ ಎಂದು ಹಂಚುವ ವಸ್ತುವಿನಲ್ಲಿ ಏನೋ ಐಬಿರಲೇಬೇಕೆಂಬುದು ನಮ್ಮ ಜನದ ಲೆಕ್ಕಾಚಾರ. ಅವರ ಮೊಪೆಡ್ಡಿನ ಮುಂದೆ ಲಿನಕ್ಸಿನ ಗುರುತಾದ ಪೆಂಗ್ವಿನ್ ಚಿತ್ರ ಅಂಟಿಸಿದ್ದರು. ಪೆಂಗ್ವಿನ್ ನಮ್ಮ ಕಡೆ ಎಲ್ಲಿ ಬರಬೇಕು, ಜನ ಅವರನ್ನು ಬಾತುಕೋಳಿ ಮೇಷ್ಟ್ರು ಎಂದು ಕರೆದರು. ಅವರು ಅದಕ್ಕೂ ಓಗೊಡುತ್ತಿದ್ದರು.

ಒಂದು ದಿನ ನನ್ನ ಅಂಗಡಿಗೂ ಬಂದರು. ಪಕ್ಕದ ಟೈಲರ್ ಹೆಂಗಸು ಲೋಟ ಹಿಡಿದು ಹೆಪ್ಪು ಕೇಳಲು ಬಂದಿದ್ದಳು. ನಾನು ಬುತ್ತಿಯ ಮೊಸರಿನಲ್ಲಿ ಒಂದು ಚಮಚ ತೆಗೆದು ಹಾಕಿಕೊಟ್ಟೆ. ಮೇಷ್ಟ್ರಿಗೆ ಅಷ್ಟೇ ಸಾಕಾಯಿತು.

"ಈಗ ನೀನು ಹೆಪ್ಪು ಕೊಟ್ಟೆ. ನಿನ್ನ ಮೊಸರು ಕಮ್ಮಿಯಾಯ್ತೇನಮ್ಮ?"

"ಒಂದು ಚಮಚ ಸಾರ್. ಅದೇನ್ ಮಹಾ."

"ನಾಳೆ ಆ ಯಮ್ಮ ಇನ್ನೊಬ್ರಿಗೆ ಹೆಪ್ಪು ಕೊಟ್ರೆ ನೀನು ಓಗಿ ಜಗಳ ಆಡ್ತೀಯಾ, ನನ್ನ ಕೇಳ್ದೆ ಯಾಕೆ ಕೊಟ್ಟೆ ಅಂತ?"

"ನಂಗೇನ್ ಹುಚ್ಚಾ ಸಾರ್?"

"ಲಿನಕ್ಸು ಅಂದ್ರೆ ಅಷ್ಟೇ ಕಣಮ್ಮ. ಯಾರೋ ಹೆಪ್ಪು ಹಾಕವ್ರೆ, ಎಲ್ಲಾರೂ ಮನೇಲಿ ಮೊಸರು ಮಾಡ್ಕಂತಾವ್ರೆ. ನೀನು ಅಲ್ಲಿ ಕದಿಯೋದೂ ಬೇಡ, ಇಲ್ಲಿ ಎದರೋದೂ ಬೇಡ."

ಕದಿಯುವುದು ಎಂಬ ಮಾತಿಗೆ ನನ್ನ ಮುಖ ಬಿಸಿಯಾಯಿತು. ಗಿರಾಕಿ ಕಾಯ್ತಾವ್ರೆ ಎಂದು ಸುಳ್ಳು ಹೇಳಿ ಅವರನ್ನು ಸಾಗಹಾಕಿದೆ. ಅವರು ಮೇಜಿನ ಮೇಲೆ ಬಿಟ್ಟುಹೋದ ಸಿಡಿಯನ್ನು ಕಾಫಿ ಲೋಟದ ಕೆಳಗಿಟ್ಟುಕೊಂಡೆ.

ಅದೇ ತಿಂಗಳು ನಿಂಗೇಗೌಡರ ಮಗಳ ಪತ್ರಿಕೆ ನನ್ನ ಕೈಗೆ ಬಂತು. ನಮ್ಮ ಕಡೆಯ ಲಗ್ನಪತ್ರಿಕೆಯಲ್ಲಿ ಗಂಡು ಹೆಣ್ಣಿನ ಹೆಸರು ಎರಡೇ ಸಾಲು, ಸುಖಾಗಮನ ಬಯಸುವವರ ಹೆಸರು ಒಂದು ಪುಟ. ಯಾರ ಮೇಲೆ ಯಾರು, ಯಾರ ಕೆಳಗೆ ಯಾರು ಎನ್ನುವುದರಲ್ಲೇ ಮೂರು ತಲೆಮಾರಿನ ಮುನಿಸು ಅಡಗಿರುತ್ತದೆ. ಗೌಡರು ಐದು ಸಲ ಪ್ರೂಫ್ ತಿದ್ದಿಸಿದರು. "ನಮ್ ಸೋದ್ರಮಾವನ ಎಸ್ರು ಮೂರ್ನೇದಾಗಿ ಬರ್ಬೇಕು ಕಣವ್ವ. ಕೆಳಿಕ್ಕೋಯ್ತು ಅಂದ್ರೆ ಮದ್ವೆ ಇರ್ಲಿ, ಬೀಗ್ರೂಟಕ್ಕೂ ಬರಾಕಿಲ್ಲ ಆ ವಯ್ಯ." ಸೋಮವಾರ ಮೊದಲ ಪತ್ರಿಕೆಯನ್ನು ಮನೆದೇವರ ಮುಂದಿಟ್ಟು ಆಮೇಲೆ ಹಂಚಬೇಕು. ಶನಿವಾರ ಸಂಜೆಯೊಳಗೆ ಪ್ರೆಸ್ಸಿಗೆ ಹೋಗಬೇಕು.

ಗುರುವಾರ ಬೆಳಿಗ್ಗೆ ಹತ್ತೂವರೆಗೆ ಸುದ್ದಿ ಬಂತು. ಶೂ ಹಾಕಿದ ಇಬ್ಬರು ರೈಲಿಳಿದು ಬ್ಯಾಗು ಹಿಡಿದು ಪೇಟೆಯ ಕಡೆ ಬರುತ್ತಿದ್ದಾರೆ, ಅಂಗಡಿ ಅಂಗಡಿ ನುಗ್ಗಿ ಲೈಸೆನ್ಸ್ ಕೇಳುತ್ತಿದ್ದಾರೆ. ಐದು ನಿಮಿಷದಲ್ಲಿ ಬೀದಿಯ ಕಂಪ್ಯೂಟರ್ ಅಂಗಡಿಗಳೆಲ್ಲ ಶಟರ್ ಎಳೆದವು. ನಾನು ಸಿಪಿಯುವನ್ನು ಗೋಣಿಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಭಾರತೀನಗರದ ಬಸ್ಸು ಹತ್ತಿಬಿಟ್ಟೆ. ಕಂಡಕ್ಟರ್ ಚೀಲ ಮುಟ್ಟಿ ಏನಮ್ಮ ಎಂದಾಗ ಹೊಲಿಗೆ ಮಿಷನ್ನು ಎಂದೆ. ಕಾಲಿಲ್ಲದ ಹೊಲಿಗೆ ಮಿಷನ್ನನ್ನು ಅವನೂ ನೋಡಿರಲಿಲ್ಲವೇನೋ, ಲಗೇಜು ಟಿಕೆಟ್ಟು ಹರಿದು ಸುಮ್ಮನಾದ.

ಅಲ್ಲಿಂದ ಒಂದು ಮೈಲಿಗೆ ನಮ್ಮಣ್ಣನ ಆಲೆಮನೆ. ಕೊಪ್ಪರಿಗೆಯಲ್ಲಿ ಕಬ್ಬಿನಹಾಲು ಕುದಿಯುತ್ತಿತ್ತು. ಅಣ್ಣ ಬೆವರು ಒರೆಸಿಕೊಳ್ಳುತ್ತ ಬಂದ.

"ಏನವ್ವಾ ಇದು, ಮೂಟೆ ಒತ್ಕಂಡ್ ಬಂದಿದ್ದೀಯ?"

"ಬಚ್ಚಿಡ್ಬೇಕು ಕಣಣ್ಣ. ಇಡ್ಕೊಂಡೋಗಕ್ ಬತ್ತಾವ್ರಂತೆ."

"ಯಾಕೆ, ಏನ್ ಕದ್ದಿದ್ದೀಯ?"

"ಅದು ನಂಗೂ ಸರ್ಯಾಗಿ ಗೊತ್ತಿಲ್ಲ ಕಣಣ್ಣ" ಎಂದವಳಿಗೆ ಅಳು ಬಂದುಬಿಟ್ಟಿತು.

ಅಣ್ಣ ಮುಂದಕ್ಕೆ ಕೇಳಲಿಲ್ಲ. "ಬುಡು, ಅಳ್ಬ್ಯಾಡ. ರಚ್ಚಿನೊಳಿಕ್ ಸೇರುಸ್ಬುಡಾನ. ಯಮ ಬಂದ್ರೂ ಸಿಗಾಕಿಲ್ಲ" ಎಂದು, ಒಲೆಗೆ ಹಾಕಲು ಒಟ್ಟಿದ್ದ, ಹಾಲು ಹಿಂಡಿದ ಮೇಲೂ ಅಂಟು ಆರದ ಕಬ್ಬಿನ ರಚ್ಚಿನ ರಾಶಿಯೊಳಗೆ ಡಬ್ಬವನ್ನು ಹೂತುಬಿಟ್ಟ. ತಂಗಿ ಏನೋ ಮಾಡಬಾರದ್ದು ಮಾಡಿದ್ದಾಳೆಂದೇ ನಂಬಿದ್ದ ಅವನು. ಆದರೂ ಹೂತ. ಅದನ್ನು ನೆನೆದರೆ ಈಗಲೂ ನನ್ನ ಕಣ್ಣು ತುಂಬುತ್ತದೆ.

ಶನಿವಾರ ಬೆಳಿಗ್ಗೆ ಸತ್ಯ ತಿಳಿಯಿತು. ಬಂದಿದ್ದವರು ತೂಕ ಅಳತೆ ಇಲಾಖೆಯವರಂತೆ. ತಕ್ಕಡಿ ಬಟ್ಟು ನೋಡಿ, ಎರಡು ವಡೆ ತಿಂದು, ಮಧ್ಯಾಹ್ನದ ರೈಲಿಗೆ ಹೋದರಂತೆ. ಆಲೆಮನೆಗೆ ಓಡಿ ಡಬ್ಬ ಅಗೆಸಿ ತಂದು ಅಂಗಡಿಯಲ್ಲಿ ಸ್ವಿಚ್ ಒತ್ತಿದೆ. ಬುಸ್ಸೆಂದಿತು, ಸುಟ್ಟ ಬೆಲ್ಲದ ವಾಸನೆ ಬಂತು, ಸತ್ತಿತು. ತಗಡು ಬಿಚ್ಚಿದರೆ ಒಳಗೆಲ್ಲ ಇರುವೆ. ಎರಡು ದಿನದಲ್ಲಿ ಅವು ಅಲ್ಲಿ ಸಂಸಾರ ಹೂಡಿದ್ದವು. ಅಷ್ಟರಲ್ಲಿ ನಿಂಗೇಗೌಡರು ಬಾಗಿಲಲ್ಲಿ ನಿಂತು, "ಪ್ರೆಸ್ಗೆ ಕಳ್ಸಿದ್ದೀಯೇನವ್ವ?" ಎಂದರು.

ನಾನು ಬಾಯಿ ಬಿಡುವ ಮೊದಲೇ ಅವರಿಗೆ ಅರ್ಥವಾಯಿತು. ಬೈಯಲಿಲ್ಲ. ಬೆಂಚಿನ ಮೇಲೆ ಕುಸಿದು ಕೂತರು. "ಮೊದ್ಲು ಒಂದ್ಸಲ ನಿಂತೋಗಿದ್ ಮದ್ವೆ ಕಣವ್ವ ಇದು" ಎಂದು ಶುರುಮಾಡಿ ಒಳಗಿನದೆಲ್ಲ ಹೇಳಿದರು. ಪತ್ರಿಕೆ ದೇವರ ಮುಂದೆ ಹೋಗುವುದು ತಪ್ಪಿದರೆ ಗಂಡಿನ ಕಡೆಯವರು ಅಪಶಕುನ ಎನ್ನುತ್ತಾರೆ, ಅವರು ಒಂದು ನೆಪಕ್ಕೇ ಕಾಯುತ್ತಿದ್ದಾರೆ ಎಂದು ನನಗೆ ಆಗ ಗೊತ್ತಾಯಿತು. ನನ್ನ ಹೆದರಿಕೆಯಿಂದ ಒಂದು ಹುಡುಗಿಯ ಮದುವೆ ಮುರಿಯುತ್ತದೆಯೇ? ಡಬ್ಬವನ್ನು ಎತ್ತಿಕೊಂಡು ಹಿಂದಿನ ಬೀದಿಗೆ ನಡೆದೆ. ಗೌಡರು ಹಿಂದೆಯೇ ಬಂದರು.

ಮೇಷ್ಟ್ರು ಇರುವೆ ಕಂಡು ನಗಲಿಲ್ಲ. ಹಾರ್ಡ್ ಡಿಸ್ಕನ್ನು ಬಿಚ್ಚಿ, ಪಂಚೆಯ ಅಂಚಿನಿಂದ ಒರೆಸಿ, ತಮ್ಮ ಹಳೇ ಕಂಪ್ಯೂಟರಿಗೆ ಸಿಕ್ಕಿಸಿದರು. ಅದರಲ್ಲಿ ಓಡುತ್ತಿದ್ದದ್ದು ಲಿನಕ್ಸೇ. ಸ್ವಲ್ಪ ಹೊತ್ತಿಗೆ ನನ್ನ ಕಡತಗಳೆಲ್ಲ ಸಾಲಾಗಿ ಮೂಡಿದವು. ನಾನು ಮಾಡಿದ ಅಷ್ಟೂ ಮದುವೆ, ನಾಮಕರಣ, ಗೃಹಪ್ರವೇಶ ಅಲ್ಲೇ ಇದ್ದವು. ಗೌಡರ ಪತ್ರಿಕೆ ತೆರೆದರೆ ಮಾತ್ರ ಕನ್ನಡವಿರಲಿಲ್ಲ, ಇಂಗ್ಲಿಷ್ ಅಕ್ಷರ, ಚುಕ್ಕಿ, ಗೆರೆಗಳ ಚಿತ್ರಾನ್ನ.

"ನೋಡಮ್ಮ, ಬರೆದೋಳು ನೀನು, ಮದುವೆ ಇವರದು. ಓದೋಕೆ ಮಾತ್ರ ನೀನು ಬಳಸಿದ ತಂತ್ರಾಂಶದ ಕಂಪನಿ ಫಾಂಟೇ ಬೇಕು, ಅದು ಇಲ್ಲಿಲ್ಲ" ಎಂದರು ಮೇಷ್ಟ್ರು. "ಇರ್ಲಿ, ಕೂತ್ಕೋ. ಮೊದಲಿಂದ ಹೊಡೆಯೋಣ."

ಗೌಡರು ಜೇಬಿನಿಂದ ನಾಲ್ಕು ಮಡಿಕೆಯ ಪ್ರೂಫ್ ತೆಗೆದರು. ಅವರು ಓದುತ್ತ ಹೋದರು, ನಾನು ಗೊತ್ತಿಲ್ಲದ ಕೀಲಿಮಣೆಯಲ್ಲಿ ತಡಕಾಡುತ್ತ ಹೊಡೆದೆ, ಮೇಷ್ಟ್ರು ಪಕ್ಕದಲ್ಲಿ ನಿಂತು ಯಾವ ಅಕ್ಷರ ಎಲ್ಲಿ ಎಂದು ತೋರಿಸಿದರು. ಮೇಷ್ಟ್ರ ಹೆಂಡತಿ ಮುದ್ದೆ ಬಸ್ಸಾರು ಬಡಿಸಿದಾಗಲೂ ಗೌಡರು ಎಡಗೈಯಲ್ಲಿ ಕಾಗದ ಹಿಡಿದೇ ಇದ್ದರು. ಸೋದರಮಾವ ಮೂರನೆಯವನಾಗಿ ಕೂತ. ನಾಲ್ಕು ಗಂಟೆಗೆ ಕೊನೆಯ ಹೆಸರು ಮುಗಿಯಿತು, ಐದಕ್ಕೆ ಪ್ರೆಸ್ಸಿಗೆ ಹೋಯಿತು. ಸೋಮವಾರ ಮನೆದೇವರು ಪತ್ರಿಕೆ ನೋಡಿದ. ಮದುವೆಯೂ ಆಯಿತು, ಬೀಗರೂಟದಲ್ಲಿ ಸೋದರಮಾವ ಎರಡು ಸಲ ಮಾಂಸ ಹಾಕಿಸಿಕೊಂಡದ್ದನ್ನು ನಾನೇ ನೋಡಿದೆ.

ಮೇಷ್ಟ್ರು ನನ್ನ ಹೊಸ ಡಬ್ಬಕ್ಕೂ ಲಿನಕ್ಸ್ ಹಾಕಿಕೊಟ್ಟರು. ಆಮೇಲೆ ಎಲ್ಲ ಸುಸೂತ್ರವಾಯಿತೆಂದು ತಿಳಿಯಬೇಡಿ. ಮೂರು ದಿನ ಪ್ರಿಂಟರು ಮುಷ್ಕರ ಹೂಡಿತು. ಒತ್ತಕ್ಷರಗಳು ಕೆಲವು ಕಡೆ ಕೈ ಬಿಟ್ಟು ದೂರ ಹೋಗಿ ನಿಂತವು. "ನಿಮ್ ಬಾತುಕೋಳಿನ ನೀವೇ ಇಟ್ಕಳಿ" ಎಂದು ಮೇಷ್ಟ್ರ ಮನೆಯ ಬಾಗಿಲಲ್ಲಿ ನಿಂತು ಕೂಗಾಡಿ ಬಂದದ್ದೂ ಉಂಟು. ಅವರು ಬೇಸರಿಸದೆ ಸ್ಕ್ರೂಡ್ರೈವರ್ ಹಿಡಿದು ಹಿಂದೆಯೇ ಬರುತ್ತಿದ್ದರು. ಎಲ್ಲೋ ಇರುವ, ಮುಖ ಕಾಣದ ಯಾರಿಗೋ ಬರೆದು ಕೇಳಿ, ಉತ್ತರ ತರಿಸಿ, ಒತ್ತುಗಳನ್ನು ಅವುಗಳ ಜಾಗಕ್ಕೆ ಕೂರಿಸಿದರು. ಈಗ ಅವರಿಗೆ ಕಣ್ಣಿನ ಪೊರೆ ತೆಗೆದಿದ್ದಾರೆ. ಸಿಡಿಯ ಕಾಲ ಹೋಯಿತೆಂದು ಚೀಲದಲ್ಲಿ ಪೆನ್‌ಡ್ರೈವ್ ಇಟ್ಟುಕೊಂಡು ಓಡಾಡುತ್ತಾರೆ. ಜನ ಈಗಲೂ ತಪ್ಪಿಸಿಕೊಳ್ಳುತ್ತಾರೆ, ಆದರೆ ಮೊದಲಿನಷ್ಟು ದೂರ ಓಡುವುದಿಲ್ಲ.

ಮೊನ್ನೆ ಆ ಇರುವೆಗಳನ್ನು ಗುಡಿಸಿ ಹಾಕಿದೆ. ನಿನ್ನೆ ಮಧ್ಯಾಹ್ನ, ನಾನು ಯಾರದೋ ನಾಮಕರಣದ ಹೆಸರುಗಳನ್ನು ಹೊಡೆಯುತ್ತಿದ್ದಾಗ, ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಒಬ್ಬ ಮನುಷ್ಯ ಒಳಗೆ ಬಂದ. ಯಾವುದೋ ಕಂಪನಿಯ ಹೆಸರು ಹೇಳಿ, "ಸಾಫ್ಟ್‌ವೇರ್ ಲೈಸೆನ್ಸ್ ನೋಡ್ಬೇಕಿತ್ತು ಮೇಡಂ" ಎಂದ. ಇಷ್ಟು ವರ್ಷ ಸುದ್ದಿಯಾಗಿಯೇ ಇದ್ದವನು ಕೊನೆಗೂ ನಿಜವಾಗಿ ಬಂದಿದ್ದ. ಈಗ ಎದೆ ಹೊಡೆದುಕೊಳ್ಳುತ್ತದೆ ಎಂದು ಕಾದೆ. ಹೊಡೆದುಕೊಳ್ಳಲಿಲ್ಲ. ಎಂಥ ಹಗುರ ಅಂತೀರಿ, ಎದ್ದು ನಿಲ್ಲಬೇಕೆಂದೂ ಅನ್ನಿಸಲಿಲ್ಲ. ಕೂತಲ್ಲಿಂದಲೇ ಪರದೆಯನ್ನು ಅವನ ಕಡೆ ತಿರುಗಿಸಿದೆ.

ಅವನು ಬಗ್ಗಿ, ಅಲ್ಲಿ ಒತ್ತಿ ಇಲ್ಲಿ ಒತ್ತಿ ನೋಡಿ, ಕೈಯಲ್ಲಿದ್ದ ಫೈಲು ಮುಚ್ಚಿದ.

"ಇದು ಪೂರ್ತಿ ಫ್ರೀನಾ ಮೇಡಂ?"

"ಪೂರ್ತಿ. ಇನ್ನೊಬ್ರಿಗೆ ಕೊಟ್ರೂ ತಪ್ಪಿಲ್ಲ."

ಅವನು ಹೊರಡಲಿಲ್ಲ. ಬೀದಿಯ ಕಡೆ ಒಮ್ಮೆ ತಿರುಗಿ ನೋಡಿದ. ಕೊರಳ ಚೀಟಿಯನ್ನು ಶರಟಿನ ಜೇಬಿಗೆ ತುರುಕಿ, ಪ್ಯಾಂಟಿನ ಜೇಬಿನಿಂದ ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟ.

"ನಮ್ಮನೇಲಿ ಒಂದು ಕಂಪ್ಯೂಟರ್ ಇದೆ ಮೇಡಂ" ಎಂದ. ಆಮೇಲೆ ದನಿ ತಗ್ಗಿಸಿ, "ಅದರಲ್ಲಿರೋದು ಅಸಲಿ ಅಲ್ಲ."

"ಕೂತ್ಕೊಳಿ ಸಾರ್, ಹತ್ತು ನಿಮಿಷ ಆಯ್ತದೆ" ಎಂದು ಅವನಿಗೆ ಕುರ್ಚಿ ಎಳೆದುಕೊಟ್ಟೆ.