ಒಂದೇ ತಾರೀಖಿಗೆ ಹೋದವರು

ತಿರುಪ್ಪೂರಿನ ನಮ್ಮ ಮನೆಯಲ್ಲಿ, ಮಗ್ಗದ ಹಿಂದಿನ ಗೋಡೆಗೆ ಅಪ್ಪ ಇಬ್ಬರು ಹೆಸರಾಂತ ಓಟಗಾರರ ಪಟ ಅಂಟಿಸಿದ್ದ. ಪಟದ ಕೆಳಗೆ ಅವರು ಸತ್ತ ದಿನದ ಕ್ಯಾಲೆಂಡರ್ ಹಾಳೆ. ವರ್ಷ ಬೇರೆ, ತಾರೀಖು ಒಂದೇ. ಅಪ್ಪನೂ ಓಟಗಾರನೇ, ಬೇರೊಂದು ತಾರೀಖಿಗೆ, ಓಡುತ್ತಲೇ ಮೈದಾನದಲ್ಲಿ ಬಿದ್ದು ತೀರಿಹೋದ.

ಎಂಬತ್ತರ ದಶಕದಲ್ಲಿ, ಕಾಲೇಜು ಹುಡುಗಿ ನಾನು, ಕೊಯಮತ್ತೂರಿನಲ್ಲಿ ಓಡಬೇಕಿದ್ದದ್ದೂ ಅದೇ ತಾರೀಖಿಗೆ. ಹೆದರಿಕೆಯಾಗಿ ಅಜ್ಜಿಗೆ ಹೇಳಿದೆ.

ರಾಟೆಯಲ್ಲಿ ನೂಲು ಸುತ್ತುತ್ತಿದ್ದ ಅಜ್ಜಿಗೆ ಓದು ಬಾರದು. “ಇಂಗ್ಲೀಷ್ ತೇದಿ ಯಾಕೆ ಕಂದಾ? ಹಾಳೇಲಿ ತಿಥಿ ಏನಿದೆ, ಓದು,” ಎಂದಳು.

ಓದಿದೆ. ಒಬ್ಬನದು ಅಮಾವಾಸ್ಯೆ, ಇನ್ನೊಬ್ಬನದು ದಶಮಿ.

“ನೋಡು, ಬೇರೆ ಬೇರೆ ದಿನ ಸತ್ತವ್ರೆ. ಇದಕ್ಕೆ ಹೋಗಿ ಬಯಪಡ್ತೀಯಾ?”

ಜೀವ ಬಂದಂತಾಯಿತು. ಅದೇ ಹುರುಪಿನಲ್ಲಿ ಓಟದ ದಿನದ ಹಾಳೆಯನ್ನೂ ತೆಗೆದು ಗಟ್ಟಿಯಾಗಿ ಓದಿದೆ. ಪಂಚಮಿ.

ರಾಟೆ ನಿಂತಿತು.

“ಅದು ನಿಮ್ಮಪ್ಪ ಹೋದ ತಿಥಿ,” ಎಂದಳು ಅಜ್ಜಿ.

ಓಟದ ದಿನ ಬೆಳಿಗ್ಗೆ ಅವಳು ಅಂಗಳದಲ್ಲಿ ಅಪ್ಪನಿಗೆ ಎಡೆ ಇಟ್ಟು, ಕಾಗೆ ಮುಟ್ಟುವ ತನಕ ಹೊಸಿಲು ದಾಟಬೇಡವೆಂದಳು. ನಾನು ಕೈಯಲ್ಲಿ ಷೂ ಹಿಡಿದು ಒಳಗೇ ನಿಂತೆ. ರಸ್ತೆಯಲ್ಲಿ ಕೊಯಮತ್ತೂರಿನ ಗಾಂಧಿಪುರಂಗೆ ಹೋಗುವ ಬಸ್ಸು ಹಾರ್ನ್ ಹೊಡೆಯಿತು. ಅಜ್ಜಿ ಕಾಗೆಯನ್ನು ಕರೆಯುತ್ತಲೇ ಇದ್ದಳು. ಒಂದೂ ಬರಲಿಲ್ಲ.