ಸೀಟಿನ ಮೇಲೆ ಹೊರಿಸಿದ ಉರಿ

ಮಲಾವಿಯ ಮ್ಜುಜು ಪೇಟೆಯಲ್ಲಿ ಕುಂಬೊ ಹನ್ನೊಂದು ವರ್ಷದಿಂದ ಸೈಕಲ್ಲಿನ ಹಿಂದೆ ಜನರನ್ನು ಕೂರಿಸಿಕೊಂಡು ತುಳಿದೇ ಬದುಕಿದವನು. ಏರು ಬಂದರೂ ಇಳಿಯಿರಿ ಅಂದವನಲ್ಲ. ಮೂತ್ರಕ್ಕೆ ಹೋದಾಗ ಉರಿ ಶುರುವಾದಾಗ ಜೊತೆಯ ಸೈಕಲ್‌ನವರು ನಕ್ಕರು: "ಸೀಟಿನ ಕಾವು ಕಣೋ. ನಮಗೆಲ್ಲ ಇದ್ದದ್ದೇ." ಸೀಟು ಬದಲಿಸಿದ. ಎರಡು ವಾರಕ್ಕೆ ಉರಿ ಆರಿತು. ಸದ್ಯ, ಪಾರಾದೆ ಅಂದುಕೊಂಡ.

ಆಮೇಲೆ ಹೆಂಡತಿ ತವೊಂಗಳಿಗೆ ತುರಿಕೆ, ಬಿಳಿ ಹೋಗುವುದು ಶುರುವಾಯಿತು. ಐದು ತಿಂಗಳ ಮಗಳು ಲುಸುಂಗುವಿಗೆ ಚುಚ್ಚುಮದ್ದು ಹಾಕಿಸಲು ಹೋದವಳು ನರ್ಸಿಗೆ ಹೇಳಿದಳು. ಗಂಡನನ್ನು ಕರೆತರಲು ಚೀಟಿ ಕೊಟ್ಟರು.

"ಸೀಟಿನ ಕಾವಿಗೂ ಮಾತ್ರೆ ಕೊಡ್ತಾರಾ?" ರಾತ್ರಿ ಊಟಕ್ಕೆ ಕೂತ ಕುಂಬೊ ಚೀಟಿ ನೋಡಿ ಅಂದ.

"ಲುಸುಂಗು ಅಪ್ಪ, ನಾನೇನು ಆ ಸೀಟಿನ ಮೇಲೆ ಕೂತು ಸೈಕಲ್ ತುಳಿದ್ನಾ?"

ನ್ಸಿಮಾ ಮುದ್ದೆಯ ತುತ್ತು ಅವನ ಕೈಯಲ್ಲೇ ನಿಂತಿತು.

ಮರುದಿನ ಆಸ್ಪತ್ರೆಯಲ್ಲಿ ನರ್ಸ್ ನ್ಯಿರೆಂಡಾ ಮೊದಲು ಎಚ್‌ಐವಿ ಪರೀಕ್ಷೆಗೆಂದು ಅವನ ಬೆರಳು ಚುಚ್ಚಿದರು. "ನಿನ್ನ ಉರಿ, ಇವಳ ತುರಿಕೆ ಎರಡಕ್ಕೂ ಕಾರಣ ಕಣ್ಣಿಗೆ ಕಾಣದ ಪರೋಪಜೀವಿ, ತಮ್ಮಾ. ಕೂಡಿದಾಗ ದಾಟುತ್ತೆ. ಗಂಡಸರಲ್ಲಿ ಉರಿ ಹೋದ್ರೂ ಅದು ಒಳಗೇ ಸದ್ದಿಲ್ಲದೆ ಕೂತಿರಬಹುದು. ಕೂತ ಜಾಗ ಕೆರಳಿ ಹಸಿಗಾಯದ ಹಾಗಿರುತ್ತೆ. ಎಚ್‌ಐವಿ ಮೈಗೆ ಬರೋದೂ ಸುಲಭ, ಇನ್ನೊಬ್ಬರಿಗೆ ಹೋಗೋದೂ ಸುಲಭ."

ಕುಂಬೊನ ಪಟ್ಟಿಯಲ್ಲಿ ಎರಡು ಗೆರೆ ಮೂಡಿದವು, ಎಚ್‌ಐವಿ ಇದೆ ಎಂದು. ಇನ್ನೊಂದು ಕಿಟ್ಟಿನಲ್ಲೂ ಅಷ್ಟೇ.

ಹೆರಿಗೆಯ ಹೊತ್ತಿಗೆ ತವೊಂಗಳಿಗೆ ಎಚ್‌ಐವಿ ಇರಲಿಲ್ಲ. ಈಗ? ಅವಳ ರಕ್ತದ ಹನಿ ಪಟ್ಟಿಗೆ ಬಿತ್ತು. ಹಸಿದ ಮಗು ಎದೆಗೆ ತಡಕಾಡಿತು. ಹಾಲಿನ ಜೊತೆ ಏನು ಹೋಗುತ್ತಿದೆಯೋ ಎಂದು ಅವಳು ಬಟ್ಟೆಯನ್ನು ಬಿಗಿಯಾಗಿ ಎಳೆದುಕೊಂಡಳು. ಕುಂಬೊ ಪಟ್ಟಿಯಿಂದ ಕಣ್ಣು ಕೀಳಲಿಲ್ಲ. ನನಗೆ ಬಂದದ್ದು ಬಂತು. ಅಲ್ಲಿ ಎರಡನೆಯದು ಮೂಡದಿರಲಿ. ಹದಿನೈದು ನಿಮಿಷ. ಒಂದೇ ಗೆರೆ.

"ಇವತ್ತಿಗೆ ಇಲ್ಲ," ಅಂದರು ನರ್ಸ್. "ಹೊಸದಾಗಿ ದಾಟಿದ್ರೆ ಈಗಲೇ ಕಾಣಲ್ಲ. ಆರು ವಾರ ಬಿಟ್ಟು ಮತ್ತೆ ನೋಡೋಣ. ಹಾಲು ಕುಡಿಸಮ್ಮ. ಈ ಸೋಂಕಿನ ಮಾತ್ರೆ ಇಬ್ಬರೂ ತಗೊಳ್ಳಿ. ತಮ್ಮಾ, ಎಚ್‌ಐವಿ ಮಾತ್ರೆ ನಿನಗೆ ಇವತ್ತಿಂದಲೇ, ದಿನಾ. ಕಾಂಡೋಮ್ ಇಲ್ದೆ ಇವಳ ಹತ್ತಿರ ಹೋಗ್ಬೇಡ." ಆಮೇಲೆ ದನಿ ತಗ್ಗಿಸಿದರು. "ಇನ್ಯಾರಿಗಾದ್ರೂ ಹೇಳಿ ಕಳಿಸ್ಬೇಕಾ? ತವೊಂಗ, ಸ್ವಲ್ಪ ಹೊರಗಿರ್ತೀಯಾ?"

"ಅವಳೂ ಇಲ್ಲೇ ಇರಲಿ ಬಿಡಿ," ಅಂದ ಕುಂಬೊ. "ಎಕ್ವೆಂಡೇನಿಯಲ್ಲಿ ಒಬ್ಬಳಿದಾಳೆ. ಅವಳಿಗೂ ಗೊತ್ತಿರಲಿಕ್ಕಿಲ್ಲ."

ತವೊಂಗ ಮಗುವನ್ನು ಎದೆಗೆ ಹಚ್ಚಿದಳು. ಗಂಡನ ಕಡೆ ನೋಡಲಿಲ್ಲ.

"ಹೆಸರು ಸರಿಯಾಗಿ ಹೇಳಿ," ಅಂದಳು. "ಸಿಸ್ಟರ್ ಬರ್ಕೊಳ್ತಾ ಇದಾರೆ."